ಕಡಲ ತೀರದಲ್ಲಿ ಮದುವೆ: ಗೋವಾ, ಗೋಕರ್ಣ, ಉಡುಪಿ – ಯಾವ ಕಡೆ ಧೈರ್ಯವಾಗಿ ಹೋಗಬಹುದು?

ಬೀಚ್ ರೆಸಾರ್ಟ್‌ನಲ್ಲಿ ಮದುವೆ ಮಾಡೋಣ ಅಂತ ಹೊರಟವರು ಸಾಮಾನ್ಯವಾಗಿ ಕೇಳುವುದು ಮೂರೇ ಪ್ರಶ್ನೆ. ಊಟಕ್ಕೆ ತಲೆಗೆ ಎಷ್ಟು? ರೂಮು ಎಷ್ಟಿವೆ? ಫೋಟೊ ಹೇಗೆ ಬರುತ್ತೆ? ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ಕಡಿಮೆ. ರಾತ್ರಿ ಹನ್ನೊಂದು ಗಂಟೆಗೆ ಒಬ್ಬ ಹುಡುಗ ನೀರಿಗಿಳಿದು ವಾಪಸ್ ಬರದಿದ್ದರೆ, ಅಥವಾ ಅಜ್ಜನಿಗೆ ಎದೆನೋವು ಬಂದರೆ, ಇಲ್ಲಿ ಯಾರಿದ್ದಾರೆ, ಆಸ್ಪತ್ರೆ ಎಷ್ಟು ದೂರ? ನಾನಂತೂ ಜಾಗ ಆರಿಸಲು ಈ ಪ್ರಶ್ನೆಯಿಂದಲೇ ಶುರು ಮಾಡಿ ಅನ್ನುತ್ತೇನೆ. ಉಳಿದಿದ್ದೆಲ್ಲ ಆಮೇಲೆ.

ಯಾಕೆ ಅಂದರೆ ಮದುವೆ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ಇರುತ್ತದೆ. ಮಗು ಚಿಕ್ಕಮ್ಮನ ಹತ್ತಿರ ಇದೆ ಅಂತ ಅಮ್ಮ ಅಂದುಕೊಂಡಿರುತ್ತಾಳೆ. ಅಜ್ಜಿ ಹತ್ತಿರ ಇದೆ ಅಂತ ಚಿಕ್ಕಮ್ಮ. ಊರಿನ ಛತ್ರದಲ್ಲಿ ಇದರಿಂದ ದೊಡ್ಡ ತೊಂದರೆ ಆಗುವುದಿಲ್ಲ. ಸುತ್ತ ಕಾಂಪೌಂಡ್ ಇದೆ, ಬಾಗಿಲಲ್ಲಿ ಪನ್ನೀರು ಹಿಡಿದು ನಿಂತವರಿದ್ದಾರೆ. ಕಡಲ ಕಡೆಗೆ ಕಾಂಪೌಂಡೂ ಇಲ್ಲ, ಬಾಗಿಲೂ ಇಲ್ಲ.

ದೊಡ್ಡವರ ಕಥೆಯೂ ಬೇರೆಯಲ್ಲ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಒಂದು ಬೀಚ್‌ನಲ್ಲಿ ಐವರು ಮೆಡಿಕಲ್ ವಿದ್ಯಾರ್ಥಿಗಳು ಮುಳುಗಿ ಸತ್ತರು. ಅವರು ಆ ಕಡೆಗೆ ಬಂದಿದ್ದೇ ಗೆಳೆಯರ ಮನೆಯ ಮದುವೆಗೆ. ಮದುವೆ ಮುಗಿದ ಮಾರನೇ ದಿನ ಕಡಲು ನೋಡಲು ಹೋಗಿದ್ದರು. ದೊಡ್ಡ ಅಲೆಗಳು ಬರಲಿವೆ ಎಂಬ ಎಚ್ಚರಿಕೆ ಆಗಲೇ ಹೊರಬಿದ್ದಿತ್ತು. ಮದುವೆಯ ಗಡಿಬಿಡಿಯಲ್ಲಿ ಅಂಥದ್ದನ್ನೆಲ್ಲ ಯಾರು ನೋಡುತ್ತಾರೆ?

ಮೂರು ಕಡೆ, ಮೂರು ಥರ

ಕರ್ನಾಟಕದಿಂದ ಹೊರಡುವವರ ಮುಂದೆ ಹೆಚ್ಚಾಗಿ ಇರುವುದು ಮೂರು ದಾರಿ: ದಕ್ಷಿಣ ಗೋವಾ, ಗೋಕರ್ಣ–ಕುಮಟಾ–ಮುರ್ಡೇಶ್ವರ ಕಡೆಯ ಉತ್ತರ ಕನ್ನಡ, ಮತ್ತೆ ಉಡುಪಿ–ಮಂಗಳೂರು ಪಟ್ಟಿ.

ನೀರಿನ ಕಾವಲಿನ ಲೆಕ್ಕದಲ್ಲಿ ಗೋವಾ ಮುಂದಿದೆ. ಅಲ್ಲಿ 2008ರಿಂದ ಸರ್ಕಾರವೇ ತರಬೇತಾದ ಲೈಫ್‌ಗಾರ್ಡ್‌ಗಳ ಪಡೆ ಇಟ್ಟಿದೆ. ಮುಖ್ಯ ಬೀಚ್‌ಗಳಲ್ಲಿ ಗೋಪುರ, ಜೀಪು, ಬಾವುಟ ಎಲ್ಲ ಇವೆ. ಕೆಂಪು–ಹಳದಿ ಬಾವುಟಗಳ ನಡುವೆ ಈಜಬಹುದು. ಬರೀ ಕೆಂಪು ಇದ್ದರೆ ಇಳಿಯಬಾರದು. ವಾರ್ಕಾ, ಕಾವೆಲೊಸಿಮ್ ಕಡೆಯ ದೊಡ್ಡ ರೆಸಾರ್ಟ್‌ಗಳಿಗೆ ಮದುವೆ ನಡೆಸಿ ಅಭ್ಯಾಸವಿದೆ. ಮಡಗಾಂವ್‌ನ ಜಿಲ್ಲಾ ಆಸ್ಪತ್ರೆಗೆ ಒಂದು ಗಂಟೆಯೂ ಬೇಡ. ಆದರೆ ಒಂದು ವಿಷಯ ಗಮನಿಸಿ. ಲೈಫ್‌ಗಾರ್ಡ್‌ಗಳ ಗೋಪುರದ ಕಾವಲು ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ. ನಿಮ್ಮ ಸಂಗೀತ್, ಆರತಕ್ಷತೆ, ಹುಡುಗರ ಪಾರ್ಟಿ ಶುರುವಾಗುವುದೇ ಆರರ ನಂತರ ಅಲ್ವಾ? ಅಂದರೆ ಅಪಾಯ ಜಾಸ್ತಿಯಾಗುವ ಹೊತ್ತಿಗೆ ಗೋಪುರ ಖಾಲಿ. ಇನ್ನೊಂದು, ಮೋಬೊರ್‌ನ ತುದಿಯಲ್ಲಿ ಸಾಲ್ ನದಿ ಕಡಲು ಸೇರುತ್ತದೆ. ನದಿ ಕಡಲು ಸೇರುವ ಅಳಿವೆ ಎಲ್ಲೇ ಇರಲಿ, ಅದರ ಹತ್ತಿರ ಯಾರನ್ನೂ ನೀರಿಗೆ ಬಿಡಬೇಡಿ. ಉಬ್ಬರ ಇಳಿಯುವಾಗ ಅಲ್ಲಿನ ನೀರು ಮನುಷ್ಯನನ್ನು ಎಳೆದುಕೊಂಡೇ ಹೋಗುತ್ತದೆ.

ಚೆಂದದ ವಿಷಯಕ್ಕೆ ಬಂದರೆ ನನ್ನ ಮನಸ್ಸು ಗೋಕರ್ಣಕ್ಕೆ ಹೋಗುತ್ತದೆ. ಆದರೆ ಎಪ್ಪತ್ತು ದಾಟಿದವರು ನಾಲ್ಕು ಜನ, ಐದು ವರ್ಷದೊಳಗಿನ ಮಕ್ಕಳು ಹತ್ತು ಜನ ಇರುವ ಮದುವೆಗೆ ಗೋಕರ್ಣ ಬೇಡ ಅಂತಲೇ ಹೇಳುತ್ತೇನೆ. ಓಂ ಬೀಚ್, ಕುಡ್ಲೆ ಬೀಚ್‌ಗೆ ಮೆಟ್ಟಿಲಿಳಿದು ಹೋಗಬೇಕು. ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳಿಗೆ ಗುಡ್ಡ ಹತ್ತಿ ಇಳಿಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು. ಸ್ಟ್ರೆಚರ್ ಹೊತ್ತುಕೊಂಡು ಆ ದಾರಿ ಹತ್ತುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮೇಲೆ ಹತ್ತಿದ ಮೇಲಾದರೂ ದೊಡ್ಡ ಆಸ್ಪತ್ರೆ ಹತ್ತಿರವಿದೆಯಾ? ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅದಕ್ಕೂ ಮೀರಿದ ಚಿಕಿತ್ಸೆ ಬೇಕಾದರೆ ಮಣಿಪಾಲ, ಮಂಗಳೂರು ಅಥವಾ ಗೋವಾವೇ ಗತಿ. ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಟ್ಟಲೆ ಕೂಗುತ್ತಿರುವುದು ಸುಮ್ನೆ ಅಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟ್‌ಗೆ ಬಡಿದು ನಾಲ್ವರು ಸತ್ತರು. ಅಲ್ಲಿನವರು ಈಗಲೂ ಆ ದೃಶ್ಯ ಮರೆತಿಲ್ಲ.

ಮುರ್ಡೇಶ್ವರವೂ ಇದೇ ಪಟ್ಟಿಯಲ್ಲಿದೆ. 2024ರ ಡಿಸೆಂಬರ್ 10ರ ಸಂಜೆ, ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಅಲ್ಲಿ ನೀರುಪಾಲಾದರು. ಡಿಸೆಂಬರ್ ಅಂದರೆ ಕಡಲು ಶಾಂತ ಅಂತ ಎಲ್ಲರೂ ನಂಬುವ ತಿಂಗಳು. ಬಯಲುಸೀಮೆಯಿಂದ ಬರುವ ನೆಂಟರಿಗೆ ಮೊಣಕಾಲುದ್ದದ ನೀರೂ ಎಳೆಯುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೂ ಕಡಲು ಹೊಸದೇ.

ಇನ್ನು ಉಡುಪಿ–ಮಂಗಳೂರು ಪಟ್ಟಿ. ಹಿರಿಯರು ಜಾಸ್ತಿ ಇರುವ ಮದುವೆಗೆ ನನ್ನ ಮೊದಲ ಆಯ್ಕೆ ಇದೇ. ಕಾರಣ ಒಂದೇ, ಆಸ್ಪತ್ರೆ. ಮಲ್ಪೆಯಿಂದ ಮಣಿಪಾಲ ಹತ್ತು ಹನ್ನೆರಡು ಕಿಲೋಮೀಟರ್. ಪಡುಬಿದ್ರಿಯಲ್ಲಿ ಮಾಡಿದರೆ ಒಂದು ಕಡೆ ಮಣಿಪಾಲ, ಇನ್ನೊಂದು ಕಡೆ ಮಂಗಳೂರು, ಎರಡೂ ಕೈಗೆಟುಕುವ ದೂರದಲ್ಲಿವೆ. ಇಷ್ಟು ಹತ್ತಿರದಲ್ಲಿ ಇಷ್ಟು ದೊಡ್ಡ ಆಸ್ಪತ್ರೆಗಳಿರುವ ಕಡಲ ತೀರ ನಮ್ಮ ರಾಜ್ಯದಲ್ಲಿ ಬೇರೆ ಇಲ್ಲ. ಅಡುಗೆಯವರು, ಪುರೋಹಿತರು, ವಾದ್ಯದವರು ಊರಲ್ಲೇ ಸಿಗುತ್ತಾರೆ, ರಾತ್ರಿ ಪ್ರಯಾಣ ತಪ್ಪುತ್ತದೆ. ಕೊರತೆಯೂ ಇದೆ. ಮಲ್ಪೆ, ಪಣಂಬೂರಿನಂಥ ಜನ ಸೇರುವ ಬೀಚ್ ಬಿಟ್ಟರೆ ಉಳಿದ ಬಹಳಷ್ಟು ಕಡೆ ನೀರಿಗೆ ಕಾವಲಿಲ್ಲ. ಉಳ್ಳಾಲ, ಸೋಮೇಶ್ವರ, ಮರವಂತೆ ಕಡೆ ಕಡಲ್ಕೊರೆತ ತಡೆಯಲು ಬಂಡೆಗಲ್ಲು ಸುರಿದಿದ್ದಾರೆ. ಪಾಚಿ ಕಟ್ಟಿದ ಆ ಕಲ್ಲಿನ ಮೇಲೆ ಸೀರೆಯುಟ್ಟು ಫೋಟೊಗೆ ನಿಲ್ಲಿಸುವ ಫೋಟೊಗ್ರಾಫರ್‌ಗಳಿದ್ದಾರೆ. ಬಿಡಬೇಡಿ.

ಹಿನ್ನೀರಿನ ದಡದ ರೆಸಾರ್ಟ್ ಅನ್ನುವುದು ನಾಲ್ಕನೇ ದಾರಿ. ಹೊನ್ನಾವರದ ಶರಾವತಿ ಕಡೆ, ಕೋಡಿ ಬೆಂಗ್ರೆ ಕಡೆ ಚೆನ್ನಾಗಿವೆ. ಅಲೆ ಇಲ್ಲ, ಗಾಳಿ ಕಡಿಮೆ. ಆದರೆ ದಡದಿಂದ ಎರಡು ಹೆಜ್ಜೆಗೇ ಆಳ ಸಿಗಬಹುದು. ಜೊತೆಗೆ ಈಗ ವರ ದೋಣಿಯಲ್ಲಿ ಬಂದಿಳಿಯುವ ಎಂಟ್ರಿ ಅಂತ ಒಂದು ಶುರುವಾಗಿದೆ. ದೋಣಿ ಎಂಟು ಜನರದ್ದಾದರೆ ಎಂಟೇ ಜನ, ಎಲ್ಲರಿಗೂ ಲೈಫ್ ಜಾಕೆಟ್, ಸೂರ್ಯ ಮುಳುಗುವ ಮೊದಲು. ಜರಿ ಪೇಟದ ಮೇಲೆ ಜಾಕೆಟ್ ಚೆನ್ನಾಗಿ ಕಾಣಲ್ಲ ಅಂದರೆ ಎಂಟ್ರಿಯೇ ಬೇಡ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಮಗುಚಿದ ದೋಣಿಯಲ್ಲಿ 22 ಜನ ಹೋದರು. ಹೆಚ್ಚು ಜನ ಹತ್ತಿದ್ದರು, ಕತ್ತಲಾಗಿತ್ತು.

ಮಂಟಪ ಮರಳ ಮೇಲಾ, ಹುಲ್ಲುಹಾಸಿನ ಮೇಲಾ?

ಯಾವ ಊರು ಅನ್ನುವುದಕ್ಕಿಂತ ಇದು ದೊಡ್ಡ ನಿರ್ಧಾರ. ನನ್ನ ಉತ್ತರ: ರೆಸಾರ್ಟ್‌ನ ಹುಲ್ಲುಹಾಸಿನ ಮೇಲೆ ಮಂಟಪ ಹಾಕಿ, ಹಿಂದೆ ಕಡಲು ಕಾಣಲಿ. ಮರಳಿಗಿಳಿಯುವುದು ಫೋಟೊಗೆ ಮಾತ್ರ, ಅದೂ ಬೆಳಕಿರುವಾಗ.

ಮರಳಿನ ಮೇಲೆ ಹಾಕಿಸುತ್ತೇವೆ ಅಂತ ರೆಸಾರ್ಟಿನವರು ಹೇಳಿದರೆ ಮೊದಲು ಅನುಮತಿ ಪತ್ರ ಕೇಳಿ. ಕಡಲ ತೀರಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ, ತಾತ್ಕಾಲಿಕ ಮಂಟಪಕ್ಕೂ ಅನುಮತಿ ಬೇಕಾಗುತ್ತದೆ. ‘ಇದು ನಮ್ಮ ಪ್ರೈವೇಟ್ ಬೀಚ್’ ಅನ್ನುವ ಮಾತನ್ನು ನಂಬಬೇಡಿ. ಅಲೆ ಬಂದು ಹೋಗುವ ಮರಳು ಸಾರ್ವಜನಿಕರದ್ದು. ಅಲ್ಲಿ ಜನ ಕಡಿಮೆ ಅಂದರೆ ಲೈಫ್‌ಗಾರ್ಡ್ ಕೂಡ ಇಲ್ಲ ಅಂತಲೇ ಅರ್ಥ. ರೆಸಾರ್ಟಿನ ಸೆಕ್ಯುರಿಟಿಯವರ ಜವಾಬ್ದಾರಿ ಗೇಟಿನ ಹತ್ತಿರವೇ ಮುಗಿಯುತ್ತದೆ.

ಆಮೇಲೆ ಉಬ್ಬರ. ಜಾಗ ನೋಡಲು ಹೋದಾಗ ನಿಮಗೆ ಅಗಲವಾದ ಮರಳು ಕಾಣಿಸುತ್ತದೆ. ಉಬ್ಬರ–ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ಇವತ್ತು ಸಂಜೆ ಐದಕ್ಕೆ ಪೂರ್ತಿ ಇಳಿತ ಇದ್ದರೆ, ಒಂದು ವಾರದ ನಂತರ ಅದೇ ಐದು ಗಂಟೆಗೆ ಹೆಚ್ಚುಕಡಿಮೆ ಪೂರ್ತಿ ಉಬ್ಬರ. ನೀವು ಕುರ್ಚಿ ಹಾಕಿಸಬೇಕು ಅಂದುಕೊಂಡ ಜಾಗದಲ್ಲಿ ಆಗ ಅಲೆ ಇರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇನ್ನೂ ಜೋರು. ಮುಹೂರ್ತ ಗೊತ್ತಾದ ಕೂಡಲೇ ಆ ದಿನದ ಉಬ್ಬರದ ಸಮಯ ನೋಡಿಕೊಳ್ಳಿ. ಜಾಗಕ್ಕೆ ಹೋದಾಗ ಮರಳಿನ ಮೇಲೂ ಕಣ್ಣಾಡಿಸಿ. ಚಿಪ್ಪು, ಕಸ, ಒಣಗಿದ ಪಾಚಿ, ಒಂದೆರಡು ಹರಕು ಚಪ್ಪಲಿ ಸಾಲಾಗಿ ಬಿದ್ದ ಒಂದು ಗೆರೆ ಕಾಣುತ್ತದೆ. ಕಡಲು ಇತ್ತೀಚೆಗೆ ಅಲ್ಲಿಯವರೆಗೆ ಬಂದು ಹೋಗಿದೆ. ಯಾವ ಮ್ಯಾನೇಜರ್ ಏನೇ ಹೇಳಲಿ, ಆ ಗೆರೆಗಿಂತ ಕೆಳಗೆ ಏನನ್ನೂ ಕಟ್ಟಿಸಬೇಡಿ.

ಗಾಳಿಯ ವಿಷಯದಲ್ಲಿ ನಮ್ಮ ಸಂಪ್ರದಾಯ ನಮ್ಮ ಪರವಾಗಿದೆ. ಬೆಳಗಿನ ಹೊತ್ತು ಗಾಳಿ ಮೆಲ್ಲಗೆ, ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ಜೋರಾಗಿ ಬೀಸುತ್ತದೆ, ಸಂಜೆವರೆಗೂ ನಿಲ್ಲುವುದಿಲ್ಲ. ಹಾಗಾಗಿ ಬೆಳಗಿನ ಧಾರೆ ಮುಹೂರ್ತವೇ ಒಳ್ಳೆಯದು. ‘ಸನ್‌ಸೆಟ್ ವೆಡ್ಡಿಂಗ್’ ಅಂದರೆ ಗಾಳಿ ಜೋರಿರುವ ಹೊತ್ತಲ್ಲಿ ಹೋಮ ಹಾಕಿದ ಹಾಗೆ. ಹೋಮಕುಂಡದ ಕಿಡಿ, ನೈಲಾನ್ ಪರದೆ, ಥರ್ಮಾಕೋಲ್, ಒಣಹುಲ್ಲಿನ ಅಲಂಕಾರ – ಇವೆಲ್ಲ ಒಂದೇ ಮಂಟಪದಲ್ಲಿ ಇರುತ್ತವೆ. ಮಂಟಪಕ್ಕೆ ಹತ್ತಿ ಬಟ್ಟೆ, ತಾಜಾ ಹೂವು, ತೆಂಗಿನ ಗರಿ ಸಾಕು, ಚೆಂದವೂ ಹೌದು. ಹೋಮದ ಪಕ್ಕ ಎರಡು ಬಕೆಟ್ ನೀರು, ಒಂದು ಬೆಂಕಿ ಆರಿಸುವ ಸಿಲಿಂಡರ್, ಅದನ್ನು ಬಳಸಲು ಬರುವ ಒಬ್ಬ ಮನುಷ್ಯ ಇರಲಿ. ಮರಳಿನಲ್ಲಿ ಶಾಮಿಯಾನದ ಗೂಟ ನಿಲ್ಲುವುದಿಲ್ಲ. ಗೂಟದ ಬದಲು ಮರಳು ಚೀಲ ಅಥವಾ ನೀರು ತುಂಬಿದ ಡ್ರಮ್ಮಿಗೆ ಕಂಬ ಕಟ್ಟಿಸಿ.

ಬೆಂಕಿಯ ಮಾತು ಬಂದಾಗ ಗೋವಾದ ಅರ್ಪೋರಾವನ್ನು ನೆನೆಯಲೇಬೇಕು. 2025ರ ಡಿಸೆಂಬರ್ 6ರ ರಾತ್ರಿ ಅಲ್ಲಿನ ನೈಟ್‌ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 25 ಜನ ಸತ್ತರು. ದಾರಿ ಇಕ್ಕಟ್ಟಾಗಿದ್ದರಿಂದ ಅಗ್ನಿಶಾಮಕ ವಾಹನ ಬಾಗಿಲವರೆಗೆ ಹೋಗಲಾಗಲಿಲ್ಲ. ಜೋಡಿ ಒಳಗೆ ಬರುವಾಗ ಹಾರಿಸುವ ಕಿಡಿ ಪಟಾಕಿಯನ್ನು ಚಾವಣಿಯ ಕೆಳಗೆ ಬೇಡವೇ ಬೇಡ ಅನ್ನಿ. ರೆಸಾರ್ಟಿಗೆ ಹೋದಾಗ ಒಂದು ಕೆಲಸ ಮಾಡಿ: ಮುಖ್ಯ ರಸ್ತೆಯಿಂದ ಒಳಗಿನವರೆಗೂ ಕಾರಿನ ಕಿಟಕಿಯಿಂದ ದಾರಿಯ ಅಗಲ ನೋಡುತ್ತಾ ಬನ್ನಿ. ಒಂದು ಲಾರಿ ತಿರುಗಲಾಗದ ದಾರಿಯಾದರೆ, ಚೆಂದದ ಜಾಗವಾದರೂ ಬಿಟ್ಟುಬಿಡಿ. ಹಾಲ್‌ಗೆ ಎರಡು ಬಾಗಿಲು ಇವೆಯಾ, ಎರಡನೆಯದಕ್ಕೆ ಬೀಗ ಹಾಕಿ ಕುರ್ಚಿ ಪೇರಿಸಿದ್ದಾರಾ, ಅದನ್ನೂ ನೋಡಿ.

ಕರೆಂಟ್ ವಿಷಯ ಚಿಕ್ಕದು, ಆದರೆ ಮರೆಯಬೇಡಿ. ಉಪ್ಪುಗಾಳಿಗೆ ವೈರು, ಪ್ಲಗ್ಗು ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ಒದ್ದೆ ಮರಳಿನ ಮೇಲೆ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ. ಲೈಟಿಂಗ್‌ನವರ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಒಂದು ಬಲ್ಬನ್ನೂ ಹಚ್ಚಲು ಬಿಡಬೇಡಿ.

ಕಡಲಿಗಿಂತ ಈಜುಕೊಳ ಸುರಕ್ಷಿತವಾ?

ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ‘ಕಡಲಿಗೆ ಬೇಡ ಮಕ್ಕಳೇ, ಸ್ವಿಮ್ಮಿಂಗ್ ಪೂಲಲ್ಲಿ ಆಡಿ’ ಅಂತ ಕಳಿಸಿ ನಿಶ್ಚಿಂತೆಯಾಗುತ್ತಾರೆ. 2024ರ ನವೆಂಬರ್ 17ರಂದು ಉಳ್ಳಾಲದ ಹತ್ತಿರದ ಒಂದು ಬೀಚ್ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಮುಳುಗಿದರು. ಕೊಳದ ಒಂದು ಕಡೆ ಆರಡಿ ಆಳ. ಒಬ್ಬಳು ಮುಳುಗತೊಡಗಿದಳು, ಎಳೆಯಲು ಹೋದ ಇನ್ನಿಬ್ಬರೂ ಹೋದರು. ನೀರಿನ ಹತ್ತಿರ ಕಾವಲಿಗೆ ಯಾರೂ ಇರಲಿಲ್ಲ.

ಹಾಗಾಗಿ ರೆಸಾರ್ಟುಗಳನ್ನು ಹೋಲಿಸುವಾಗ ಪೂಲನ್ನೂ ಹೋಲಿಸಿ. ಆಳ ಎಷ್ಟು ಅಂತ ಅಂಚಿನಲ್ಲಿ ಬರೆದಿದ್ದಾರಾ? ತೆಳು ನೀರಿನಿಂದ ಆಳಕ್ಕೆ ಇಳಿಜಾರು ಎಲ್ಲಿ ಶುರುವಾಗುತ್ತದೆ? ಸುತ್ತ ಬೇಲಿ, ರಾತ್ರಿ ಬೀಗ ಉಂಟಾ? ಉದ್ದ ಕೋಲು, ರಿಂಗ್ ಟ್ಯೂಬ್ ಗೋಡೆಯಲ್ಲಿ ನೇತು ಹಾಕಿದ್ದಾರಾ? ಲೈಫ್‌ಗಾರ್ಡ್ ಅಂತ ತೋರಿಸಿದ ಹುಡುಗ ನಿಜವಾಗಿ ಅದೇ ಕೆಲಸದವನಾ, ಅಥವಾ ಊಟದ ಹೊತ್ತಲ್ಲಿ ಬಡಿಸಲು ಹೋಗುವವನಾ? ಈ ಕೊನೆಯ ಪ್ರಶ್ನೆಯನ್ನು ಆ ಹುಡುಗನನ್ನೇ ಕೇಳಿ, ಮ್ಯಾನೇಜರನ್ನಲ್ಲ.

ಕಡಲಿಗೆ ಇಳಿಯುವವರು ಇಳಿದೇ ಇಳಿಯುತ್ತಾರೆ. ಅವರಿಗೆ ಒಂದೇ ಒಂದು ವಿಷಯ ಕಲಿಸಿ. ದಡದಲ್ಲಿ ನಿಂತು ಹತ್ತು ನಿಮಿಷ ಅಲೆ ನೋಡಬೇಕು. ಎರಡೂ ಕಡೆ ಬಿಳಿ ನೊರೆ ಬರುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ, ಸೆಳೆತ ಇರುವುದು ಅಲ್ಲೇ. ಗೊತ್ತಿಲ್ಲದವರು ಅಲೆ ಕಡಿಮೆ ಅಂತ ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ಒಳಗೆ ಬರಬೇಕು. ಈಜಲಾಗದಿದ್ದರೆ ಅಂಗಾತ ತೇಲುತ್ತಾ ಕೈ ಎತ್ತಿ ಕೂಗಬೇಕು. ದಡದಲ್ಲಿರುವವರು ನೀರಿಗೆ ಹಾರಬಾರದು, ತೇಲುವಂಥದ್ದು ಏನಾದರೂ ಎಸೆಯಬೇಕು. ಕುಡಿದವರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಅದು ಬೀಗರ ಕಡೆಯವರಾದರೂ ಸರಿ.

ತಿಂಗಳು ಯಾವುದು?

ಜೂನ್‌ನಿಂದ ಸೆಪ್ಟೆಂಬರ್ ಕಡಲಿನ ತಂಟೆಗೆ ಹೋಗಬೇಡಿ. ಆಷಾಢದಲ್ಲಿ ಹೇಗೂ ಮದುವೆ ಇಲ್ಲ, ಶ್ರಾವಣದ ಮುಹೂರ್ತಕ್ಕೆ ಊರಿನ ಛತ್ರವೇ ಆದೀತು. ಮಳೆಗಾಲದಲ್ಲಿ ರಸ್ತೆಯದ್ದೂ ಭಯ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮೂರು ವಾರದಲ್ಲಿ, ಆಗಸ್ಟ್ 7ರಂದು, ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು.

ಏಪ್ರಿಲ್–ಮೇ ನಮ್ಮ ಮದುವೆಗಳ ಸುಗ್ಗಿ. ಕಡಲಿನ ಮಟ್ಟಿಗೆ ಮಾತ್ರ ಅದು ನಂಬುವ ಕಾಲವಲ್ಲ. ಸೆಕೆಗೆ ಹಿರಿಯರು ಬಳಲುತ್ತಾರೆ. ಆಗಸ ಶುಭ್ರವಾಗಿರುವಾಗಲೇ ದಕ್ಷಿಣ ಹಿಂದೂ ಮಹಾಸಾಗರದ ಕಡೆಯಿಂದ ದೊಡ್ಡ ಅಲೆಗಳು ಬಂದು ದಡ ಹತ್ತುವುದುಂಟು. ಕೇರಳದವರು ಕಳ್ಳಕ್ಕಡಲ್ ಅನ್ನುವುದು ಇದಕ್ಕೇ. ಕನ್ಯಾಕುಮಾರಿಯ ದುರಂತದ ಹೊತ್ತಿಗೆ ಇದ್ದ ಎಚ್ಚರಿಕೆಯೂ ಇದರದ್ದೇ. ಮೇ ತಿಂಗಳಲ್ಲಿ ಚಂಡಮಾರುತವೂ ಬರುತ್ತದೆ. 2021ರ ಮೇ ಮಧ್ಯದಲ್ಲಿ ಬಂದ ತೌಕ್ತೆ ನಮ್ಮ ಕರಾವಳಿಯನ್ನು ಹೇಗೆ ಬಡಿಯಿತು ಅಂತ ಅಲ್ಲಿನವರನ್ನು ಕೇಳಿ.

ಧನುರ್ಮಾಸ ಬಿಟ್ಟರೆ ಉಳಿಯುವುದು ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯ, ಮತ್ತೆ ಸಂಕ್ರಾಂತಿಯ ನಂತರ ಮಾರ್ಚ್ ಮೊದಲವರೆಗೆ. ನನ್ನ ಆಯ್ಕೆ ಫೆಬ್ರುವರಿ. ಆಗಲೂ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಎಚ್ಚರಿಕೆಯನ್ನು ಹಿಂದಿನ ದಿನ ಒಬ್ಬರು ನೋಡಲೇಬೇಕು.

ಬೆಂಗಳೂರು, ಮೈಸೂರಿನಿಂದ ದಿಬ್ಬಣದ ಬಸ್ಸು ಹೊರಡಿಸುವುದಾದರೆ ಘಾಟಿಯನ್ನು ಹಗಲಲ್ಲಿ ಇಳಿಸಿ. ರೈಲು ಸಿಕ್ಕರೆ ಇನ್ನೂ ಒಳ್ಳೆಯದು. ಮುಖ್ಯವಾಗಿ, ಆರತಕ್ಷತೆ ಮುಗಿಸಿ ರಾತ್ರಿ ಹನ್ನೆರಡಕ್ಕೆ ಅದೇ ಡ್ರೈವರ್ ಕೈಯಲ್ಲಿ ಬಸ್ ವಾಪಸ್ ಹೊರಡಿಸಬೇಡಿ. ಒಂದು ರಾತ್ರಿಯ ರೂಮು ಬಾಡಿಗೆ ಉಳಿಸಲು ಹೋಗಿ ಮಾಡುವ ಈ ಕೆಲಸವೇ ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ.

ಅಡ್ವಾನ್ಸ್ ಕೊಡುವ ಮೊದಲು

ಎರಡು ಮನೆಯಿಂದಲೂ ಒಬ್ಬೊಬ್ಬರು ನೀರಿನ ಕಾವಲಿಗೆ ಅಂತಲೇ ಇರಲಿ. ಅವರಿಗೆ ಬೇರೆ ಕೆಲಸ ಹೇಳಬಾರದು, ಎರಡು ಗಂಟೆಗೊಮ್ಮೆ ಆಳು ಬದಲಾಗಬೇಕು. ಹಣ ಇದ್ದರೆ ಊರಿನ ಮೀನುಗಾರ ಹುಡುಗರಲ್ಲಿ ಲೈಫ್‌ಗಾರ್ಡ್ ತರಬೇತಿ ಆದವರನ್ನು ಸಂಜೆ ಆರರಿಂದ ಮಧ್ಯರಾತ್ರಿವರೆಗೆ ಗೊತ್ತುಮಾಡಿ. ಹೂವಿನ ಅಲಂಕಾರದ ಖರ್ಚಿನ ಮುಂದೆ ಅದೇನೂ ದೊಡ್ಡ ಮೊತ್ತವಲ್ಲ. ನೀರಿನಿಂದ ಎತ್ತಿದವರು ಉಸಿರಾಡದಿದ್ದರೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡುವುದು ಬೇಡ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಬದುಕಿ ಎದ್ದು ಕೂತರೂ ಆಸ್ಪತ್ರೆಗೆ ಒಯ್ಯಲೇಬೇಕು. ಇದು ಬರುವವರು ನೆಂಟರಲ್ಲಿ ಯಾರು ಅಂತ ಮೊದಲೇ ತಿಳಿದಿರಲಿ. 112, 108 ಎಲ್ಲರಿಗೂ ಗೊತ್ತು. ಕರಾವಳಿ ಕಾವಲು ಪೊಲೀಸರದ್ದು 1093, ಕೋಸ್ಟ್ ಗಾರ್ಡ್‌ನದ್ದು 1554. ನಾಲ್ಕನ್ನೂ ಹತ್ತಿರದ ಆಸ್ಪತ್ರೆಯ ಹೆಸರಿನ ಜೊತೆ ಪ್ರತಿ ರೂಮಿನ ಬಾಗಿಲ ಹಿಂದೆ ಅಂಟಿಸಿ.

ಊಟದ ಬಗ್ಗೆ ಎರಡೇ ಮಾತು. ಸೆಕೆಯಲ್ಲಿ ಮೀನು, ಮೊಸರು, ಮೇಯೊನೀಸ್ ಬೇಗ ಕೆಡುತ್ತವೆ. ಬಫೆಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಸುಮ್ನೆ ಇಟ್ಟಿದ್ದನ್ನು ತೆಗೆಸಿಬಿಡಿ.

ಕೊನೆಗೆ ಕರಾರು ಪತ್ರ. ಹವಾಮಾನ ಇಲಾಖೆ ಅಥವಾ ಇನ್‌ಕಾಯಿಸ್ ಎಚ್ಚರಿಕೆ ಕೊಟ್ಟರೆ ಮದುವೆಯನ್ನು ಒಳಗಿನ ಹಾಲ್‌ಗೆ ಬದಲಿಸುತ್ತೇವೆ, ಹೆಚ್ಚಿನ ಹಣ ಕೇಳುವುದಿಲ್ಲ ಅಂತ ಬರೆಸಿಕೊಳ್ಳಿ. ಆ ಹಾಲನ್ನು ಅದೇ ದಿನ ಬೇರೆಯವರಿಗೆ ಕೊಡಬಾರದು ಅನ್ನುವುದೂ ಇರಲಿ. ನಿಮ್ಮ ಎಲ್ಲ ನೆಂಟರೂ ಕೂರುವಷ್ಟು ದೊಡ್ಡ ಹಾಲ್ ಇಲ್ಲದ ರೆಸಾರ್ಟ್ ಎಷ್ಟೇ ಚೆಂದವಿದ್ದರೂ ಪಟ್ಟಿಯಿಂದ ತೆಗೆಯಿರಿ. ಬಾಯಿಮಾತಿಗೆ ‘ಆಗುತ್ತೆ ಸಾರ್, ನೋಡ್ಕೊಳ್ಳೋಣ’ ಅಂದರೆ ಒಪ್ಪಬೇಡಿ. ಬರೆದು ಸಹಿ ಹಾಕಿ ಕೊಡುವವರಿಗೇ ಅಡ್ವಾನ್ಸ್ ಕೊಡಿ.